ರಜೆ ಮುಗಿದ ವಾರವೇ ಮಾರ್ಕ್ಸ್ ಕೊಡ್ಲೇಬೇಕಾ?

ಪೇಪರಿನ ಬಲಗಡೆ ಮೂಲೆನ ಮಡಚಿ ಹಿಡ್ಕೊಂಡು ಕೂತಿದ್ಲು ಹುಡುಗಿ. ಒಂಬತ್ತನೇ ಕ್ಲಾಸು. ಎಸ್‌ಎ-1 ಅನ್ನೋ ಅರ್ಧವಾರ್ಷಿಕ ಪರೀಕ್ಷೆಯ ವಿಜ್ಞಾನದ ಉತ್ತರ ಪತ್ರಿಕೆ, ದಸರಾ ರಜೆ ಮುಗಿಸಿ ಸ್ಕೂಲಿಗೆ ಹೋದ ಎರಡನೇ ದಿನಾನೇ ಕೈಗೆ ಕೊಟ್ಟಿದ್ದಾರೆ. ಯಾಕೆ ಮಡಚಿದೀಯ ಅಂದ್ರೆ ಮಾತಿಲ್ಲ. ಬೆಳಗ್ಗಿಂದ ಎಷ್ಟು ಸಲ ಮಡಚಿ ಬಿಡಿಸಿದ್ದಾಳೋ, ಆ ಜಾಗದಲ್ಲಿ ಪೇಪರು ಹಳೇ ಬಟ್ಟೆ ಥರ ಮೆತ್ತಗಾಗಿತ್ತು, ಒಳಗಿನ ಕೆಂಪು ಇಂಕು ಹಿಂದಗಡೆಯಿಂದಾನೇ ಕಾಣ್ತಿತ್ತು. 80ಕ್ಕೆ 43.

ನಾನು ಕೊಡಗಿನ ಗೋಣಿಕೊಪ್ಪದಲ್ಲಿ ಮನೆ ಜಗಲಿ ಮೇಲೆ ಸಂಜೆ ಟ್ಯೂಷನ್ ಮಾಡ್ತೀನಿ, ಎಂಟರಿಂದ ಹತ್ತನೇ ಕ್ಲಾಸಿನ ತನಕ ಹತ್ತು ಹನ್ನೊಂದು ಮಕ್ಕಳು. ಪ್ರತಿ ವರ್ಷ ದಸರಾ ರಜೆ ಆದ್ಮೇಲಿನ ಮೊದಲ ವಾರ ಈ ಜಗಲಿ ಸಾವಿನ ಮನೆ ಥರ ಇರುತ್ತೆ. ಆಕಳಿಕೆ, ಮುಖ ಜೋತು ಹಾಕ್ಕೊಂಡು ಕೂರೋದು, ಏನು ಕೇಳಿದ್ರೂ "ಎಂತ ಇಲ್ಲ ಮಿಸ್" ಅನ್ನೋದು. ಮೊದಲೆಲ್ಲ ನಾನೂ ಸೋಮಾರಿತನ ಅಂತಾನೇ ಬೈತಿದ್ದೆ. ಆಮೇಲೆ ಓದ್ತಾ ಓದ್ತಾ ಗೊತ್ತಾಯ್ತು, ಇಲ್ಲಿ ಎರಡು ಬೇರೆ ಬೇರೆ ವಿಷಯ ಒಂದೇ ವಾರದಲ್ಲಿ ಬಂದು ಡಿಕ್ಕಿ ಹೊಡೀತಾ ಇದಾವೆ, ಒಂದು ಮೈಯೊಳಗಿನ ಗಡಿಯಾರ, ಇನ್ನೊಂದು ಈ ಕೆಂಪು ನಂಬರು.

ಗಡಿಯಾರದ ಕತೆ ಮೊದಲು ಹೇಳಿಬಿಡ್ತೀನಿ. ನಮ್ಮ ಮಿದುಳಲ್ಲಿ, ಕಣ್ಣಿನ ನರಗಳು ಒಂದಕ್ಕೊಂದು ದಾಟೋ ಜಾಗದ ಮೇಲ್ಗಡೆ, ಸುಮಾರು 20 ಸಾವಿರ ನರಕೋಶಗಳ ಒಂದು ಚಿಕ್ಕ ಗುಂಪಿದೆ. ಯಾವಾಗ ನಿದ್ದೆ, ಯಾವಾಗ ಎಚ್ಚರ ಅನ್ನೋದನ್ನ ನಡೆಸೋ ಮುಖ್ಯ ಗಡಿಯಾರ ಅದೇ. ಮನುಷ್ಯರಲ್ಲಿ ಅದು ಸರಾಸರಿ 24 ಗಂಟೆಗಿಂತ ಒಂದ್ ಹತ್ತು ನಿಮಿಷ ಜಾಸ್ತಿ ಓಡುತ್ತೆ. ಅಂದ್ರೆ ಬಿಟ್ಟರೆ ದಿನಾ ಚೂರು ಚೂರು ತಡವಾಗ್ತಾ ಹೋಗೋ ಗಡಿಯಾರ, ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ಮತ್ತೆ ಸರಿಯಾದ ಟೈಮಿಗೆ ಸೆಟ್ ಆಗುತ್ತೆ. ಹದಿಹರೆಯದವರಲ್ಲಿ ಇನ್ನೊಂದು ಪಜೀತಿ, ನಿದ್ದೆಗೆ ಸಿದ್ಧ ಮಾಡೋ ಮೆಲಟೋನಿನ್ ಅನ್ನೋ ಹಾರ್ಮೋನು ಅವರಿಗೆ ರಾತ್ರಿ ತಡವಾಗಿ ಏರುತ್ತೆ. ಅಮೆರಿಕದ ಮೇರಿ ಕಾರ್ಸ್‌ಕಡನ್ ಅನ್ನೋ ನಿದ್ರಾ ವಿಜ್ಞಾನಿ ಇದರ ಮೇಲೇನೇ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಹಂಗಾಗಿ ಹದಿನಾಲ್ಕು ವರ್ಷದ ಹುಡುಗ ಹತ್ತು ಗಂಟೆಗೆ ನಿದ್ದೆ ಬರಲ್ಲ ಅಂದ್ರೆ ಅದು ಬರೀ ಮೊಬೈಲ್ ಚಟ ಅಲ್ಲ (ಮೊಬೈಲೂ ಇದೆ, ಇಲ್ಲ ಅನ್ನಲ್ಲ).

ಇನ್ನು ಆ ಗಡಿಯಾರಕ್ಕೆ ನಮ್ಮ ಕೊಡಗಿನ ದಸರಾ ಸೇರಿಸಿ ನೋಡಿ. ವಿಜಯದಶಮಿ ರಾತ್ರಿ ಮಡಿಕೇರಿಯಲ್ಲಿ ಹತ್ತು ಮಂಟಪ ಹೊರಡುತ್ತೆ, ಬೆಳಗಿನ ಜಾವದ ತನಕ ಮೆರವಣಿಗೆ, ಸೌಂಡು, ಲೈಟು, ಗೋಣಿಕೊಪ್ಪದಲ್ಲೂ ನಮ್ಮದೇ ದಸರಾ. ಬೆಳಗಾದ್ಮೇಲೆ ಮನೆಗೆ ಬಂದು ಮಲಗಿದ ಮಕ್ಕಳು ಮಧ್ಯಾಹ್ನ ಏಳ್ತಾರೆ. ಅದು ಮುಗೀತು ಅನ್ನೋವಾಗ ಅಕ್ಟೋಬರ್ 17ರ ಆಸುಪಾಸು ಕಾವೇರಿ ಸಂಕ್ರಮಣ, ತೀರ್ಥೋದ್ಭವ ಕೆಲವು ವರ್ಷ ನಡುರಾತ್ರಿ ದಾಟಿದ ಮೇಲೆ ಬರುತ್ತೆ, ತಲಕಾವೇರಿಗೆ ಹೋಗಿ ಬಂದವರಿಗೆ ಇನ್ನೊಂದು ರಾತ್ರಿ ನಿದ್ದೆ ಇಲ್ಲ. 2025ರಲ್ಲಂತೂ ಟೀಚರುಗಳಿಗೆ ಹಚ್ಚಿದ್ದ ಜಾತಿ ಸಮೀಕ್ಷೆ ಕೆಲಸ ಮುಗಿದಿಲ್ಲ ಅಂತ ಸರ್ಕಾರಿ, ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರ ತನಕ ಎಳೀತು, ಹಿಂದೆನೇ ದೀಪಾವಳಿ. ಮಕ್ಕಳಿಗೆ ಹಬ್ಬವೋ ಹಬ್ಬ.

ರಜೆಯಲ್ಲಿ ರಾತ್ರಿ 12ಕ್ಕೆ ಮಲಗಿ ಬೆಳಗ್ಗೆ 8ಕ್ಕೆ ಏಳೋ ಹುಡುಗನ ನಿದ್ದೆಯ ನಡುಮಧ್ಯ 4 ಗಂಟೆ. ಸ್ಕೂಲ್ ಶುರುವಾದ್ರೆ 10ಕ್ಕೆ ಮಲಗಿ ಐದೂವರೆಗೆ ಎದ್ದು ಬಸ್ ಹಿಡೀಬೇಕು, ಆಗ ನಡುಮಧ್ಯ 1.45. ಎರಡೂ ಕಾಲು ಗಂಟೆ ವ್ಯತ್ಯಾಸ. ಇಲ್ಲಿಂದ ದುಬೈಗೆ ಹೋದ ಚಿಕ್ಕಪ್ಪಂಗೂ ಒಂದೂವರೆ ಗಂಟೆ ಅಷ್ಟೇ ವ್ಯತ್ಯಾಸ ಆಗೋದು! ಇದಕ್ಕೆ ಜರ್ಮನಿಯ ಟಿಲ್ ರೊನ್ನೆಬರ್ಗ್ ಮತ್ತವರ ಜೊತೆಯವರು 2006ರಲ್ಲಿ ಸೋಷಿಯಲ್ ಜೆಟ್‌ಲ್ಯಾಗ್ ಅಂತ ಹೆಸರಿಟ್ರು, ವಿಮಾನ ಹತ್ತದೇನೇ ಆಗೋ ಜೆಟ್‌ಲ್ಯಾಗು. ತಡವಾದ ಮೈ ಗಡಿಯಾರನ ಮತ್ತೆ ಬೇಗಕ್ಕೆ ಎಳೆಯೋದು ದಿನಕ್ಕೆ ಒಂದು ಗಂಟೆ ಆಸುಪಾಸು ಅಷ್ಟೇ ಸಾಧ್ಯ, ಅದೂ ಬೆಳಗ್ಗೆ ಬೆಳಕು ಸಿಕ್ಕಿದ್ರೆ. ಮನೆ ಒಳಗಿನ ಟ್ಯೂಬ್‌ಲೈಟು ಕೆಲವೇ ನೂರು ಲಕ್ಸ್ (ಲಕ್ಸ್ ಅಂದ್ರೆ ಬೆಳಕಿನ ಅಳತೆ), ಮೋಡ ಮುಚ್ಚಿದ ಆಕಾಶದ ಕೆಳಗೂ ಸಾವಿರಗಟ್ಟಲೆ ಲಕ್ಸ್ ಇರುತ್ತೆ, ಅದಕ್ಕೇ ಮಂಜಿದ್ರೂ ಪರವಾಗಿಲ್ಲ ಕಾಫಿ ಲೋಟ ಹಿಡ್ಕೊಂಡು ಅಂಗಳದಲ್ಲಿ ನಿಂತ್ಕೊಳ್ರೋ ಅಂತ ನಾನು ಹೇಳೋದು. ಯಾರೂ ಕೇಳಲ್ಲ.

ಈಗ ಬೇಜಾರಿನ ಲೆಕ್ಕ. ನೆದರ್‌ಲ್ಯಾಂಡ್ಸ್‌ನಲ್ಲಿ ಜೆಸಿಕಾ ಡಿ ಬ್ಲೂಮ್ ಮತ್ತು ಜೊತೆಯವರು ದೀರ್ಘ ರಜೆ ಹಾಕಿದ ಕೆಲಸಗಾರರನ್ನ ಹಿಂಬಾಲಿಸಿ ನೋಡಿದ್ರು, 2013ರಲ್ಲಿ ಬಂದ ವರದಿ. ರಜೆಯ ಖುಷಿ ಎಂಟನೇ ದಿನಕ್ಕೆ ತುತ್ತತುದಿ ಮುಟ್ಟುತ್ತೆ, ಕೆಲಸಕ್ಕೆ ವಾಪಸ್ ಹೋದ ಮೊದಲ ವಾರದಲ್ಲೇ ಎಲ್ಲ ಕರಗಿ ಮೊದಲಿನ ಮಟ್ಟಕ್ಕೆ ಬಂದು ನಿಲ್ಲುತ್ತೆ. ದೊಡ್ಡವರ ಲೆಕ್ಕ ಅದು, ಮಕ್ಕಳಿಗೆ ಹಂಗೆಹಂಗೇ ಹಚ್ಚೋಕಾಗಲ್ಲ, ಆದ್ರೂ ನಮ್ಮ ಜಗಲಿಯ ಮಂಕು ಎಂಟತ್ತು ದಿನದಲ್ಲಿ ತಾನೇ ಇಳಿಯೋದನ್ನ ನಾನು ಪ್ರತಿ ವರ್ಷ ನೋಡಿದ್ದೀನಿ.

ಮತ್ತೆ ಎಲ್ಲರಿಗೂ ಬೇಜಾರು ಅಂತಾನೂ ಅಲ್ಲ. ಎಸ್ಟೇಟಿನ ಲೈನ್ ಮನೆಯಿಂದ ಬರೋ ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು ಎಲ್ಲರ ಮಾತು ಕೇಳ್ತಾ ಕೂತಿದ್ದವಳು ನಿಧಾನಕ್ಕೆ "ನಂಗೆ ಸ್ಕೂಲ್ ಶುರುವಾದ್ರೇ ಖುಷಿ ಮಿಸ್" ಅಂದ್ಲು. ಅಪ್ಪ ಅಮ್ಮ ಬೆಳಗ್ಗೆ ತೋಟಕ್ಕೆ ಹೋದ್ರೆ ಇಡೀ ದಿನ ತಮ್ಮನ್ನ ನೋಡ್ಕೊಂಡು ಅಡುಗೆ ಮಾಡ್ಕೊಂಡು ಇರೋದು ಇವಳು, ಸ್ಕೂಲಲ್ಲಾದ್ರೆ ಬಿಸಿಯೂಟ, ಮೊಟ್ಟೆ, ಗೆಳತಿಯರು. ಉಳಿದವರೆಲ್ಲ ಒಂದ್ ಸಲ ಸುಮ್ಮನಾದ್ರು. ರಜೆ ಅಂದ್ರೆ ಯಾರಿಗೆ ಏನು ಅನ್ನೋದು ಮನೆಯಿಂದ ಮನೆಗೆ ಬೇರೆ, ಅದನ್ನ ಮರೆತು ಬರೆಯೋಕೆ ಹೊರಟಿದ್ದೆ ನಾನು.

ಸರಿ, ಕೆಂಪು ನಂಬರಿಗೆ ಬರೋಣ. ಆವತ್ತು ಪಾಠ ಹೆಂಗೂ ಸಾಗಲ್ಲ ಅಂತ ಗೊತ್ತಿತ್ತು, ಗ್ರೇಡ್ ಬಗ್ಗೆ ನಿಮಗೆ ಏನನ್ಸುತ್ತೆ ಹೇಳಿ ಅಂದೆ, ಮಂಕು ಹಿಡಿದಿದ್ದ ಜಗಲಿ ಒಮ್ಮೆಗೇ ಸಂತೆ ಆಯ್ತು. ನಮ್ಮಲ್ಲಿ ನೂರಕ್ಕೆ 90ರಿಂದ ಮೇಲೆ ಎ ಪ್ಲಸ್, 70ರಿಂದ 89ರ ತನಕ ಎ, 50ರಿಂದ 69 ಬಿ ಪ್ಲಸ್, ಅದರ ಕೆಳಗೆ ಬಿ, 30ಕ್ಕಿಂತ ಕಮ್ಮಿ ಸಿ. 71 ತಗೊಂಡವನಿಗೆ ಇದು ಸ್ವರ್ಗ, "88 ಬಂದವ್ನೂ ನಾನೂ ಒಂದೇ ಮಿಸ್, ಬಹಳ ಒಳ್ಳೇ ಸಿಸ್ಟಮ್". 89 ತಗೊಂಡವಳಿಗೆ ಉರಿ, ಒಂದೇ ಒಂದು ಮಾರ್ಕಿಗೆ ಅವಳ ಪಕ್ಕದವಳು ಎ ಪ್ಲಸ್ಸು. ಇನ್ನೊಬ್ಬನ ಸಮಸ್ಯೆನೇ ಬೇರೆ, "ಗ್ರೇಡ್ ಹೇಳಿದ್ರೆ ಅಪ್ಪಂಗೆ ಆಗಲ್ಲ, ಎಷ್ಟಕ್ಕೆಷ್ಟು ಬಂತು ಅದು ಹೇಳು ಅಂತಾರೆ". ಯಾವಾಗ್ಲೂ ಎ ಪ್ಲಸ್ ತಗೊಳ್ಳೋ ಹುಡುಗಿ ಹೇಳಿದ್ದು ಮಾತ್ರ ನನಗೆ ಸ್ವಲ್ಪ ಚುಚ್ತು: ಎ ಪ್ಲಸ್ ಬಂದ್ರೆ ಮನೇಲಿ ಹೂಂ ಅಂತಾರೆ ಅಷ್ಟೇ, ಎ ಬಂದ್ರೆ ಯಾಕೆ ಅಂತ ಕೇಳ್ತಾರೆ.

ಅವಳ ಮಾತಿಗೆ ಮಿದುಳಿನಲ್ಲೂ ಒಂದು ಪುರಾವೆ ಇದೆ. ವೋಲ್ಫ್ರಾಮ್ ಶುಲ್ಟ್ಸ್ ಅನ್ನೋ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಡ್ತಾ ಮಿದುಳಲ್ಲಿ ಡೋಪಮೀನ್ ಅನ್ನೋ ರಾಸಾಯನಿಕ ಬಿಡೋ ನರಕೋಶಗಳನ್ನ ಗಮನಿಸಿದ್ರು. ಅನಿರೀಕ್ಷಿತವಾಗಿ ರಸ ಸಿಕ್ಕಿದ್ರೆ ಆ ನರಕೋಶಗಳು ಜೋರಾಗಿ ಮಿಡೀತಿದ್ವು. ರಸ ಬರುತ್ತೆ ಅಂತ ಮೊದಲೇ ಗೊತ್ತಿದ್ದು ಅದೇ ಬಂದ್ರೆ ವಿಶೇಷ ಏನೂ ಇಲ್ಲ. ಬರುತ್ತೆ ಅಂದ್ಕೊಂಡಿದ್ದು ಬರಲಿಲ್ಲ ಅಂದ್ರೆ ಆ ಕ್ಷಣಕ್ಕೆ ಸರಿಯಾಗಿ ಮಿಡಿತ ಮಾಮೂಲಿಗಿಂತಲೂ ಕೆಳಗೆ ಬೀಳ್ತಿತ್ತು. ಅಂದ್ರೆ ಈ ನರಕೋಶಗಳು ಅಳೆಯೋದು ಎಷ್ಟು ಸಿಕ್ತು ಅನ್ನೋದನ್ನಲ್ಲ, ಅಂದ್ಕೊಂಡಿದ್ದಕ್ಕಿಂತ ಎಷ್ಟು ಹೆಚ್ಚು ಕಮ್ಮಿ ಸಿಕ್ತು ಅನ್ನೋದನ್ನ. ಕೋತಿಯಿಂದ ಮಾರ್ಕ್ಸ್ ಕಾರ್ಡಿಗೆ ಹಾರೋದು ನನ್ನ ಹಾರಾಟ, ಶುಲ್ಟ್ಸ್ ಹಾಗೆ ಹೇಳಿಲ್ಲ. ಆದ್ರೆ 60 ಬರುತ್ತೆ ಅಂತ ರಜೆಯುದ್ದಕ್ಕೂ ಅಂದ್ಕೊಂಡಿದ್ದವಳಿಗೆ, ನಿದ್ದೆ ಬೇರೆ ಸರಿ ಇಲ್ಲದ ದಿನ, 43 ಅಂತ ತೋರಿಸಿದ್ರೆ ಹೆಂಗಾಗಬೇಡ.

ಅದೂ ಹೋಗ್ಲಿ, ಆ 43 ನಿಜವಾಗ್ಲೂ 43ಏನಾ? ಅಮೆರಿಕದಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಅನ್ನೋರು 1912ರಲ್ಲಿ ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆನ ನೂರಕ್ಕೂ ಹೆಚ್ಚು ಸ್ಕೂಲುಗಳ ಟೀಚರುಗಳಿಗೆ ಕಳಿಸಿ ಮಾರ್ಕ್ಸ್ ಹಾಕಿಸಿದ್ರು, ಒಬ್ಬೊಬ್ಬರದ್ದು ಒಂದೊಂದು. ಭಾಷೆ ಅಂದ್ಮೇಲೆ ಹಂಗೇ, ಗಣಿತದಲ್ಲಿ ಹಂಗಾಗಲ್ಲ ಅಂತ ಜನ ಅಂದ್ರು. ಮುಂದಿನ ವರ್ಷ ರೇಖಾಗಣಿತದ ಒಂದು ಪತ್ರಿಕೆ ಕಳಿಸಿದ್ರು. ಅದೇ ಪತ್ರಿಕೆಗೆ ಒಬ್ಬರು 30ಕ್ಕಿಂತ ಕಮ್ಮಿ ಕೊಟ್ಟಿದ್ರು, ಇನ್ನೊಬ್ಬರು 90ಕ್ಕಿಂತ ಜಾಸ್ತಿ.

ಇದನ್ನ ಹೇಳಿದಾಗ ಬೆಳೆಗಾರರ ಮನೆ ಹುಡುಗ ಒಬ್ಬ "ನಮ್ಮ ಕಾಫಿನೇ ವಾಸಿ ಮಿಸ್" ಅಂದ. ಅವನ ಅಪ್ಪ ಅವನನ್ನ ಒಂದ್ ಸಲ ಕಾಫಿ ಬೀಜ ಹಸನು ಮಾಡಿ ವಿಂಗಡಿಸೋ ಕ್ಯೂರಿಂಗ್ ವರ್ಕ್ಸಿಗೆ ಕರ್ಕೊಂಡು ಹೋಗಿದ್ರಂತೆ. ಅಲ್ಲಿ ಜರಡಿ ಇದೆ, 7.1 ಮಿಲಿಮೀಟರ್ ತೂತಿನ ಜರಡಿ ಮೇಲೆ ಉಳಿದದ್ದು ಎಎ, ಕೆಳಗೆ ಬಿದ್ದದ್ದು ಮುಂದಿನ ಜರಡಿಗೆ, ಹಂಗೇ ಎ, ಬಿ, ಗುಂಡಗಿನ ಒಂಟಿ ಬೀಜ ಪಿಬಿ. ನಿನ್ನೆ ಎಎ ಆದ ಬೀಜ ಇವತ್ತೂ ಎಎನೇ, ಜರಡಿಗೆ ತಲೆನೋವಿಲ್ಲ, ನೂರು ಪೇಪರ್ ತಿದ್ದಿ ಸುಸ್ತಾಗೋದಿಲ್ಲ. ಹಂಗಂತ ಜರಡಿ ಹೇಳೋದು ಗಾತ್ರ ಮಾತ್ರ, ರುಚಿ ಗೊತ್ತಾಗಬೇಕಾದ್ರೆ ಹುರಿದು ಪುಡಿ ಮಾಡಿ ಕುಡಿದು ನೋಡೋರು ಬೇರೆ ಇರ್ತಾರೆ. ಆಮೇಲೆ ನಾನೇ ಯೋಚ್ನೆ ಮಾಡಿದ್ದು, ಬಿ ಅಂತ ಮೂಟೆ ಮೇಲೆ ಬರೆದದ್ದು ಬೀಜಕ್ಕೆ ಗೊತ್ತಾಗಲ್ಲ, ಅದು ಮೂಲೆ ಮಡಚಿಕೊಂಡು ಕೂರಲ್ಲ.

ಅಷ್ಟೊತ್ತಿಗೆ ನನಗೆ ಆ ಹುಡುಗಿ ನೆನಪಾಗಿ ಪೇಪರ್ ತಗೊಂಡು ಒಳಗೆ ತೆಗೆದು ನೋಡ್ದೆ. ಹದಿನಾಲ್ಕನೇ ಪ್ರಶ್ನೆಗೆ ಕೊಟ್ಟ ಎರಡು ಮಾರ್ಕ್ಸ್ ಟೋಟಲ್ಲಿಗೆ ಸೇರೇ ಇಲ್ಲ. 45 ಆಗಬೇಕಿತ್ತು. ತಿದ್ದಿದ ಟೀಚರ್ ಬಗ್ಗೆ ನನಗೆ ಕೋಪ ಇಲ್ಲ, ಎಷ್ಟು ಪೇಪರಿದ್ವೋ ಏನೋ. ನನಗೆ ಆಶ್ಚರ್ಯ ಆಗಿದ್ದು ಬೇರೆ. ಜಡತ್ವದ ಪ್ರಶ್ನೆಗೆ "ಉದಾಹರಣೆ ಚೆನ್ನಾಗಿದೆ, ಬಸ್ಸಿನಲ್ಲಿ ಯಾಕೆ ಮುಂದಕ್ಕೆ ಬೀಳ್ತೀವಿ ಅನ್ನೋದಕ್ಕೆ ಕಾರಣವನ್ನೂ ಬರಿ" ಅಂತ ಆ ಟೀಚರ್ ಪಕ್ಕದಲ್ಲಿ ಬರೆದಿದ್ರು, ಇವಳು ಅದನ್ನ ಓದೇ ಇರಲಿಲ್ಲ. ಇಡೀ ದಿನ ಪೇಪರ್ ಕೈಯಲ್ಲೇ ಇತ್ತು, ಮೂಲೆ ಬಿಟ್ಟು ಬೇರೆ ಏನನ್ನೂ ನೋಡಿಲ್ಲ.

ಇದನ್ನ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಇಸ್ರೇಲಿನ ರೂತ್ ಬಟ್ಲರ್, 1988. ಐದು, ಆರನೇ ಕ್ಲಾಸಿನ 132 ಮಕ್ಕಳು, ಮೂರು ಥರ. ಕೆಲವರಿಗೆ ಬರೀ ಮಾರ್ಕ್ಸ್, ಕೆಲವರಿಗೆ ಮಾರ್ಕ್ಸ್ ಇಲ್ಲದೆ ಅವರ ಕೆಲಸದ ಬಗ್ಗೆ ಒಂದು ಸಾಲಿನ ಮಾತು, ಉಳಿದವರಿಗೆ ಎರಡೂ. ಬರೀ ಮಾತು ಸಿಕ್ಕಿದವರ ಆಸಕ್ತಿ, ಕೆಲಸ ಎರಡೂ ಚೆನ್ನಾಗಿದ್ವು. ಎರಡೂ ಸಿಕ್ಕಿದವರಿಗೆ ಡಬಲ್ ಲಾಭ ಆಗಬೇಕಿತ್ತಲ್ಲ, ಆಗಲಿಲ್ಲ, ಅವರೂ ಹೆಚ್ಚುಕಮ್ಮಿ ಬರೀ ಮಾರ್ಕ್ಸ್ ಸಿಕ್ಕಿದವರ ಥರಾನೇ ಆದ್ರು. ನಂಬರ್ ಪಕ್ಕದಲ್ಲಿದ್ರೆ ಮಾತು ಕಿವಿಗೆ ಬೀಳಲ್ಲ. ನಮ್ಮ ಟೀಚರುಗಳು ರಾತ್ರಿ ಕೂತು ಕಷ್ಟಪಟ್ಟು ಬರೆದ ಸಾಲೆಲ್ಲ ಈ ಒಂದು ಕಾರಣಕ್ಕೆ ನೀರಲ್ಲಿ ಹೋಗ್ತಿದೆ ಅಂದ್ರೆ ಹೊಟ್ಟೆ ಉರಿಯುತ್ತೆ.

ಹಂಗಾದ್ರೆ ಮಾರ್ಕ್ಸೇ ಬೇಡ್ವಾ? ನಾನು ಅಷ್ಟು ದೂರ ಹೋಗಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಎಷ್ಟು ಅಂತ ಲೋಕ ಕೇಳೇ ಕೇಳುತ್ತೆ, ಮಕ್ಕಳಿಗೂ ತಾವು ಎಲ್ಲಿದ್ದೀವಿ ಅಂತ ಗೊತ್ತಾಗಬೇಕು, ಲೈನ್ ಮನೆಯ ಹುಡುಗಿಗೆ ನಾಳೆ ಒಳ್ಳೇ ಕಾಲೇಜಲ್ಲಿ ಸೀಟು ಕೊಡಿಸೋದೂ ಆ ನಂಬರೇ, ಯಾರ ಶಿಫಾರಸೂ ಅಲ್ಲ. ನಾನು ಕೇಳೋದು ಸಣ್ಣದು. ರಜೆ ಮುಗಿದ ಮೊದಲ ವಾರ, ಅರ್ಧ ಕ್ಲಾಸು ದುಬೈ ಟೈಮಿಗಿಂತ ಆಚೆ ಇರುವಾಗ, ಟೋಟಲ್ ಹಾಕಿದ ಪೇಪರ್ ಕೊಡಬೇಡಿ. ತಿದ್ದಿದ ಪೇಪರ್ ಕೊಡಿ, ತಪ್ಪು ಏನು ಅಂತ ಅವರೇ ಓದಲಿ, ಮಾರ್ಕ್ಸು ಮುಂದಿನ ವಾರ ಹೇಳಿ. ಟೀಚರಿಗೆ ಒಂದು ಪೈಸೆ ಖರ್ಚಿಲ್ಲ.

ಬೇರೆಯವರಿಗೆ ಹೇಳೋ ಮೊದಲು ನಾನೇ ಮಾಡಿ ನೋಡೋಣ ಅಂತ ನನ್ನ ಟ್ಯೂಷನ್ ಟೆಸ್ಟಿನಲ್ಲಿ ಟೋಟಲ್ ಮೇಲೆ ಚೀಟಿ ಅಂಟಿಸಿ ಕೊಟ್ಟೆ, ಒಂದು ವಾರ ಕೀಳಬಾರದು ಅಂತ ಕಂಡೀಷನ್ನು. 43ರ ಹುಡುಗಿ ಪೇಪರ್ ಮೊದಲನೇ ಪುಟದಿಂದ ಓದೋಕೆ ಶುರು ಮಾಡಿದ್ಲು, ಒಂದು ಕಡೆ "ಇದು ಸರೀನೇ ಇದೆಯಲ್ಲ ಮಿಸ್" ಅಂತ ಜಗಳಕ್ಕೂ ಬಂದ್ಲು, ಅವಳು ಹೇಳಿದ್ದೇ ಸರಿ ಇತ್ತು, ನಾನು ತಿದ್ದಿದ್ದು ತಪ್ಪು. ಎ ಪ್ಲಸ್ ಹುಡುಗಿ ಮಾತ್ರ ಮುಖ ಊದಿಸಿಕೊಂಡು ಒಳಗಿನ ಮಾರ್ಕ್ಸನ್ನೆಲ್ಲ ಬೆರಳಲ್ಲಿ ಕೂಡ್ತಾ ಕೂತ್ಲು, ಒಳಗಿನದನ್ನ ಮುಚ್ಚಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಕಾಫಿ ಹುಡುಗ ಕೂಡೋ ತಾಪತ್ರಯಕ್ಕೇ ಹೋಗಲಿಲ್ಲ, ಎದ್ದು ಟ್ಯೂಬ್‌ಲೈಟ್ ಕೆಳಗೆ ನಿಂತ್ಕೊಂಡು ಪೇಪರನ್ನ ಬೆಳಕಿಗೆ ಹಿಡಿದು ಚೀಟಿ ಹಿಂದೆ ಏನು ಕಾಣುತ್ತೆ ಅಂತ ಒಂದು ಕಣ್ಣು ಮುಚ್ಚಿ ನೋಡ್ತಿದ್ದ, ಸರಿಯಾಗಿ ಆಗ್ಲೇ ಕರೆಂಟ್ ಹೋಯ್ತು. ಕತ್ತಲೆಯಲ್ಲಿ ಎಲ್ಲರೂ ನಕ್ಕಿದ್ದು ನಿಂತ ಮೇಲೆ ಅವನ ದನಿ, "ಮಿಸ್, ನಿಮ್ಮ ಮೊಬೈಲ್ ಟಾರ್ಚ್ ಒಂದ್ ನಿಮಿಷ ಕೊಡ್ತೀರಾ?"