ರಾಮಮೋಹನ ರಾಯ್ ಸಮಾಧಿ ಇರುವ ಸ್ಮಶಾನ ಬ್ರಿಸ್ಟಲ್ ಪಾಲಿಕೆಯ ಕೈಗೆ ಬಂದದ್ದು ಹೇಗೆ?

ಸತಿ ಪದ್ಧತಿಯ ವಿರುದ್ಧ ಹೋರಾಡಿದ ರಾಜಾ ರಾಮಮೋಹನ ರಾಯ್ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಅವರ ಸಮಾಧಿ ಎಲ್ಲಿದೆ ಅಂತ ಕೇಳಿದರೆ ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ಅದಿರುವುದು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆರ್ನೋಸ್ ವೇಲ್ ಸ್ಮಶಾನದಲ್ಲಿ. 1987ರಲ್ಲಿ ಆ ಸ್ಮಶಾನದ ಮಾಲೀಕರು ಒಂದಷ್ಟು ಭಾಗವನ್ನು ಮನೆ ಕಟ್ಟಲು ಮಾರುವ ಯೋಚನೆ ಮುಂದಿಟ್ಟರು. ಊರಿನವರು ಎದ್ದು ನಿಂತರು. ಕೊನೆಗೆ ನಗರ ಪಾಲಿಕೆ ಅದನ್ನು ವಶಕ್ಕೆ ತೆಗೆದುಕೊಂಡಿದ್ದು 2003ರಲ್ಲಿ. ನಡುವೆ ಹದಿನಾರು ವರ್ಷ!

ಸ್ಮಶಾನಕ್ಕೆ ಮಾಲೀಕರು ಅಂತ ಇರ್ತಾರಾ? ಅಲ್ಲಿ ಇದ್ದರು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

19ನೇ ಶತಮಾನದ ಶುರುವಿನಲ್ಲಿ ಇಂಗ್ಲೆಂಡಿನ ನಗರಗಳು ಜೋರಾಗಿ ಬೆಳೆದವು. ಸತ್ತವರನ್ನು ಚರ್ಚಿನ ಅಂಗಳದಲ್ಲೇ ಹೂಳುತ್ತಿದ್ದರು, ಅಂಗಳಗಳು ತುಂಬಿಹೋದವು, ಸಾಲದ್ದಕ್ಕೆ 1830ರ ದಶಕದಲ್ಲಿ ಕಾಲರಾ ಬಂತು. ಆಗ ಹುಟ್ಟಿಕೊಂಡಿದ್ದೇ ಸ್ಮಶಾನ ಕಂಪನಿಗಳು. ಷೇರು ಮಾರಿ ದುಡ್ಡು ಕೂಡಿಸುವುದು, ಊರಾಚೆ ಜಾಗ ಕೊಂಡು ಗಿಡಮರ ನೆಟ್ಟು ತೋಟದ ಹಾಗೆ ಮಾಡುವುದು, ಆಮೇಲೆ ಸಮಾಧಿಗೆ ಅಂತ ಜಾಗ ಮಾರುವುದು, ಬಂದ ಲಾಭ ಷೇರುದಾರರಿಗೆ. ಬ್ರಿಸ್ಟಲ್‌ನ ಕಂಪನಿಗೆ 1837ರಲ್ಲಿ ಪಾರ್ಲಿಮೆಂಟ್ ಕಾಯ್ದೆ ಮಾಡಿ ಒಪ್ಪಿಗೆ ಕೊಟ್ಟಿತು. ಎರಡು ವರ್ಷಕ್ಕೆ ಆರ್ನೋಸ್ ವೇಲ್ ತೆರೆಯಿತು. ಇಳಿಜಾರಿನ ಮೇಲೆ 45 ಎಕರೆ ಜಾಗ, ಬಾಗಿಲಲ್ಲೇ ಹಳೇ ಗ್ರೀಕ್ ದೇವಾಲಯದಂಥ ಕಂಬಗಳ ಕಟ್ಟಡಗಳು.

ರಾಯ್ ತೀರಿಕೊಂಡಿದ್ದು ಅದಕ್ಕೂ ಮೊದಲು, 1833ರ ಸೆಪ್ಟೆಂಬರ್ 27ರಂದು. ಮೊಘಲ್ ಬಾದಶಾಹನ ಪರವಾಗಿ ಇಂಗ್ಲೆಂಡಿಗೆ ಹೋಗಿದ್ದವರು, ಬ್ರಿಸ್ಟಲ್ ಹತ್ತಿರದ ಸ್ಟೇಪಲ್ಟನ್‌ನಲ್ಲಿ ಸ್ನೇಹಿತರ ಮನೆಯಲ್ಲಿದ್ದಾಗ ಜ್ವರ ಬಂದು ಹೋಗಿಬಿಟ್ಟರು. ಮೊದಲು ಆ ಮನೆಯ ತೋಟದಲ್ಲೇ ಹೂಳಿದ್ದರು. ಹತ್ತು ವರ್ಷದ ಮೇಲೆ, 1843ರಲ್ಲಿ, ಅವರ ಗೆಳೆಯ ದ್ವಾರಕಾನಾಥ ಠಾಕೂರ್ (ರವೀಂದ್ರನಾಥರ ಅಜ್ಜ) ಮುತುವರ್ಜಿ ವಹಿಸಿ ಶವಪೆಟ್ಟಿಗೆಯನ್ನು ಆರ್ನೋಸ್ ವೇಲ್‌ಗೆ ತರಿಸಿದರು. ಅದರ ಮೇಲೆ ನಮ್ಮ ಕಡೆಯ ಛತ್ರಿಯಂಥ ಕಲ್ಲಿನ ಮಂಟಪ ಕಟ್ಟಿಸಿದರು. ಸುತ್ತ ಶಿಲುಬೆಗಳು, ದೇವದೂತರ ಮೂರ್ತಿಗಳು, ನಡುವೆ ಒಂದು ಬಂಗಾಳದ ಮಂಟಪ. ಚಿತ್ರ ನೋಡಿದರೂ ಮನಸ್ಸು ತುಂಬಿ ಬರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಮಾಧಿಯ ಜಾಗಕ್ಕೆ ದುಡ್ಡು ಬರುವುದು ಒಂದೇ ಸಲ. ಆದರೆ ಹುಲ್ಲು ಪ್ರತಿ ವರ್ಷ ಬೆಳೆಯುತ್ತದೆ, ಗೋಡೆ ಬೀಳುತ್ತದೆ, ಮರದ ಬೇರು ಕಲ್ಲನ್ನು ಎಬ್ಬಿಸುತ್ತದೆ. ಮಾರಲು ಜಾಗ ಇರುವವರೆಗೆ ಕಂಪನಿ ನಡೆಯುತ್ತದೆ, ಜಾಗ ತುಂಬಿದ ಮೇಲೆ ಖರ್ಚು ಮಾತ್ರ ಉಳಿಯುತ್ತದೆ. ಮುಂದಿನ ನೂರು ವರ್ಷಕ್ಕೆ ಅಂತ ದುಡ್ಡು ತೆಗೆದಿಡುವ ಯೋಚನೆ ಆ ಕಾಲದ ಹೆಚ್ಚಿನ ಕಂಪನಿಗಳಿಗೆ ಬರಲಿಲ್ಲ. ನನ್ನ ಪ್ರಕಾರ ತಪ್ಪು ಆಗಿದ್ದು ಅಲ್ಲೇ. ಆರ್ನೋಸ್ ವೇಲ್‌ನಲ್ಲಿ ಒಂದು ಚಿತಾಗಾರ ಇತ್ತು, ಸ್ವಲ್ಪ ಆದಾಯ ಅದರಿಂದ ಬರುತ್ತಿತ್ತು. 1998ರಲ್ಲಿ ಅದೂ ನಿಂತುಹೋಯಿತು. ಗೇಟಿಗೆ ಬೀಗ ಹಾಕುವ ಮಾತು ಬಂತು.

ಬೀಗ ಬೀಳದ ಹಾಗೆ ನೋಡಿಕೊಂಡವರು ಸುತ್ತಮುತ್ತಲಿನ ಜನ, ಅಲ್ಲಿ ತಮ್ಮವರನ್ನು ಮಣ್ಣು ಮಾಡಿದವರು. ಸರದಿಯಲ್ಲಿ ಕಾವಲು ಕಾದರು. ಬಾಗಿಲು ತೆರೆದರು, ಮುಚ್ಚಿದರು, ಮುಳ್ಳಿನ ಪೊದೆ ಸವರಿದರು. ಯಾರೂ ಸಂಬಳ ಕೊಡಲಿಲ್ಲ. ಈ ಒತ್ತಾಯದಿಂದಲೇ ಪಾಲಿಕೆ ಕಡ್ಡಾಯ ಖರೀದಿಗೆ ಇಳಿದಿದ್ದು. ನಾವು ಭೂಸ್ವಾಧೀನ ಅಂತೀವಲ್ಲ, ಹೆಚ್ಚುಕಡಿಮೆ ಅದೇ.

ಆದರೆ ಪಾಲಿಕೆ ಕೈಗೆ ಬಂದರೆ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಪಾಲಿಕೆ 1987ರಲ್ಲಿ, ನಿರ್ವಹಣೆ ಖರ್ಚು ಉಳಿಸಲು, ತನ್ನ ಮೂರು ಸ್ಮಶಾನಗಳನ್ನು ತಲಾ 5 ಪೆನ್ಸ್‌ಗೆ ಮಾರಿಬಿಟ್ಟಿತು. ಮೂರಕ್ಕೂ ಸೇರಿ 15 ಪೆನ್ಸ್! ಅಲ್ಲಿ ತಂದೆತಾಯಿಯ ಸಮಾಧಿ ಇದ್ದವರಿಗೆ ಹೇಗಾಗಿರಬೇಡ? ಭಾರೀ ಗಲಾಟೆಯಾಗಿ, ಮುಂದೆ ಅವನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು.

ಬ್ರಿಸ್ಟಲ್‌ನಲ್ಲಿ ಬೇರೆ ದಾರಿ ಹಿಡಿದರು. ಜಾಗ ಪಾಲಿಕೆಯದ್ದು, ನೋಡಿಕೊಳ್ಳುವುದು ಒಂದು ಟ್ರಸ್ಟ್. ಲಾಟರಿ ದುಡ್ಡಿನಿಂದ ಪರಂಪರೆಯ ಜಾಗಗಳಿಗೆ ನೆರವು ಕೊಡುವ ನಿಧಿಯೊಂದು ಅಲ್ಲಿದೆ, ಅದರಿಂದ ದೊಡ್ಡ ನೆರವು ಸಿಕ್ಕಿತು. ಸುಮಾರು 48 ಲಕ್ಷ ಪೌಂಡ್ ಖರ್ಚಾದ ದುರಸ್ತಿ ಕೆಲಸ 2010ರಲ್ಲಿ ಮುಗಿಯಿತು. ರಾಯ್ ಅವರ ಸಮಾಧಿಯ ಮಂಟಪವೂ ರಿಪೇರಿಯಾಯಿತು. ದಿನದ ಖರ್ಚಿಗೆ ಟ್ರಸ್ಟ್ ತಾನೇ ದುಡಿಯಬೇಕು. ಹಾಗಾಗಿ ಈಗ ಅಲ್ಲಿ ಕೆಫೆ ಇದೆ, ಹಳೇ ಪ್ರಾರ್ಥನಾ ಮಂದಿರದಲ್ಲಿ ಮದುವೆಗಳೂ ಆಗುತ್ತವೆ. ಸ್ಮಶಾನದಲ್ಲಿ ಮದುವೆಯಾ ಅಂತ ನಮ್ಮವರು ಹುಬ್ಬೇರಿಸಬಹುದು. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಆ ಬಾಡಿಗೆಯಿಂದ ಪೊದೆ ಸವರುವವರಿಗೆ ಕೂಲಿ ಸಿಗುತ್ತದೆ ಅಂದರೆ ನನಗೇನೂ ತಕರಾರಿಲ್ಲ.

ಪ್ರತಿ ವರ್ಷ ಸೆಪ್ಟೆಂಬರ್ 27ರ ಆಸುಪಾಸಿನಲ್ಲಿ ಆ ಮಂಟಪದ ಮುಂದೆ ಒಂದಷ್ಟು ಜನ ಸೇರಿ ರಾಯ್ ಅವರನ್ನು ನೆನೆಯುತ್ತಾರೆ. ಬ್ರಿಸ್ಟಲ್ ಕಡೆ ಇರುವ ಕನ್ನಡಿಗರು ಒಮ್ಮೆ ಹೋಗಿ ಬನ್ನಿ.