ಪದ ಪರಿಚಯ: ಕ್ಯಾಂಡಿಡಾ

"ಬಿಳಿ ಹೋಗ್ತಿದೆ." ಎಷ್ಟೋ ಬೇರೆ ಬೇರೆ ತೊಂದರೆಗಳನ್ನು ನಮ್ಮ ಹೆಂಗಸರು ಈ ಎರಡೇ ಪದಗಳಲ್ಲಿ ಹೇಳಿ ಮುಗಿಸುತ್ತಾರೆ. ಬಿಳಿಸೆರಗು, ಬಿಳಿಮುಟ್ಟು ಅನ್ನುವುದೂ ಉಂಟು. ಮನೆಯ ಹಿರಿಯರ ತೀರ್ಪು ಸಿದ್ಧವಾಗಿಯೇ ಇರುತ್ತದೆ: "ಮೈಗೆ ಉಷ್ಣ ಆಗಿದೆ, ಮಜ್ಜಿಗೆ ಕುಡಿ." ಕುಡಿದರೆ ನಷ್ಟವೇನಿಲ್ಲ. ಆದರೆ ಅದರಿಂದ ತುರಿಕೆ ಹೋಗುವುದಿಲ್ಲ.

ಆ ತುರಿಕೆಗೆ ಎಷ್ಟೋ ಸಲ ಕಾರಣ ಕ್ಯಾಂಡಿಡಾ ಅನ್ನುವ ಯೀಸ್ಟ್. ಬೇಕರಿಯಲ್ಲಿ ಬ್ರೆಡ್ ಉಬ್ಬಿಸುವ ಯೀಸ್ಟ್ ಇದರ ದೂರದ ನೆಂಟ. ಈ ಹೆಸರನ್ನು 1923ರಲ್ಲಿ ಕೊಟ್ಟವರು ಕ್ರಿಸ್ಟೀನ್ ಮೇರಿ ಬರ್ಕ್‌ಹೌಟ್ ಎಂಬ ಡಚ್ ವಿಜ್ಞಾನಿ. ಲ್ಯಾಟಿನ್ನಿನಲ್ಲಿ 'ಕ್ಯಾಂಡಿಡಸ್' ಅಂದರೆ ಬೆಳ್ಳಗೆ ಹೊಳೆಯುವಂಥದ್ದು. ಹಳೆಯ ರೋಮಿನಲ್ಲಿ ಪದವಿಗೆ ನಿಂತವರು ಸುಣ್ಣದ ಪುಡಿ ಹಚ್ಚಿ ಬಿಳಿ ಮಾಡಿದ ಬಟ್ಟೆ ಹೊದ್ದು ಮತ ಕೇಳುತ್ತಿದ್ದರು. 'ಕ್ಯಾಂಡಿಡೇಟ್' ಪದ ಹುಟ್ಟಿದ್ದು ಅಲ್ಲಿಂದ. ನಮ್ಮ ಅಭ್ಯರ್ಥಿಗಳ ಗರಿಗರಿ ಖಾದಿ ನೆನಪಾಗುತ್ತದೆ, ಅಲ್ವಾ? ಈ ಸೋಂಕು ತರುವುದರಲ್ಲಿ ಮುಖ್ಯವಾದ ಜಾತಿಯ ಪೂರ್ತಿ ಹೆಸರು ಕ್ಯಾಂಡಿಡಾ ಆಲ್ಬಿಕಾನ್ಸ್. ಆಲ್ಬಿಕಾನ್ಸ್ ಅಂದರೂ ಬೆಳ್ಳಗಾಗುವುದೇ. ನಮ್ಮ ಅಜ್ಜಿಯಂದಿರೂ ಲ್ಯಾಟಿನ್ ಪಂಡಿತರೂ ಬಣ್ಣ ನೋಡಿಯೇ ಹೆಸರಿಟ್ಟಿದ್ದಾರೆ.

ತೊಡಕು ಇರುವುದು ಅಲ್ಲೇ. ಬಣ್ಣ ಒಂದನ್ನೇ ನೋಡಿ ಇದನ್ನು ಗುರುತಿಸಲು ಆಗುವುದಿಲ್ಲ.

ಆರೋಗ್ಯವಾಗಿರುವ ಹೆಂಗಸಿಗೂ ಬಿಳಿ ಹೋಗುತ್ತದೆ. ಎರಡು ಮುಟ್ಟುಗಳ ನಡುವಿನ ದಿನಗಳಲ್ಲಿ ಮೊಟ್ಟೆಯ ಲೋಳೆಯಂತೆ ತೆಳ್ಳಗೆ, ಉಳಿದ ದಿನಗಳಲ್ಲಿ ಸ್ವಲ್ಪ ಗಟ್ಟಿ. ವಾಸನೆ, ತುರಿಕೆ ಇಲ್ಲದಿದ್ದರೆ ಅದು ಕಾಯಿಲೆಯೇ ಅಲ್ಲ. ಯೀಸ್ಟ್ ಹೆಚ್ಚಾದಾಗ ಮೊದಲು ಕಾಡುವುದು ತುರಿಕೆ. ರಾತ್ರಿ ನಿದ್ದೆ ಬಿಡಿಸುವಂಥ ತುರಿಕೆ. ಯೋನಿಯ ಬಾಯಿ ಕೆಂಪಾಗಿ ಊದಿಕೊಳ್ಳುತ್ತದೆ, ಮೂತ್ರ ತಾಗಿದರೆ ಉರಿ, ಗಂಡನ ಜೊತೆ ಸೇರಿದಾಗ ನೋವು. ಹೋಗುವ ಬಿಳಿ ಒಡೆದ ಹಾಲಿನ ಗಸಿಯಂತೆ ತುಣುಕು ತುಣುಕಾಗಿರಬಹುದು. ನೀರಿನಂತೆ ಇರುವುದೂ ಉಂಟು. ಕೆಟ್ಟ ವಾಸನೆ ಸಾಮಾನ್ಯವಾಗಿ ಇರುವುದಿಲ್ಲ. ಮೀನಿನ ವಾಸನೆ ಬಂದು ಬೂದು ಬಣ್ಣದ ತೆಳು ಸ್ರಾವ ಇದ್ದರೆ ಅದು ಬಹುಶಃ ಬ್ಯಾಕ್ಟೀರಿಯಾದ ತೊಂದರೆ. ಹಳದಿ-ಹಸಿರಾಗಿ ನೊರೆನೊರೆ ಇದ್ದರೆ ಟ್ರೈಕೊಮೊನಾಸ್ ಅನ್ನುವ ಏಕಕೋಶ ಜೀವಿಯ ಸೋಂಕು ಇರಬಹುದು. ಅದು ಲೈಂಗಿಕ ಸಂಪರ್ಕದಿಂದ ಹರಡುವಂಥದ್ದು. ಯೀಸ್ಟ್‌ನ ಔಷಧಿ ಇವೆರಡಕ್ಕೂ ನಾಟುವುದಿಲ್ಲ.

ಡಾಕ್ಟರು ಸ್ವಲ್ಪ ಸ್ರಾವವನ್ನು ಗಾಜಿನ ಮೇಲೆ ಸವರಿ, ಪೊಟ್ಯಾಷಿಯಂ ಹೈಡ್ರಾಕ್ಸೈಡ್‌ನ ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆ ಹನಿಗೆ ಮೈಯ ಜೀವಕೋಶಗಳು ಕರಗಿ ಯೀಸ್ಟ್ ಉಳಿಯುತ್ತದೆ. ಮೊಳಕೆ ಬಂದ ಹೆಸರುಕಾಳಿನ ಹಾಗೆ ಕಾಣುತ್ತದೆ: ಪುಟ್ಟ ಕಾಳು, ಅದರಿಂದ ಹೊರಟ ಉದ್ದನೆಯ ಎಳೆ.

ಇದು ಹೊರಗಿನಿಂದ ಬಂದ ಕೊಳಕಲ್ಲ. ಎಷ್ಟೋ ಹೆಂಗಸರಲ್ಲಿ ಕ್ಯಾಂಡಿಡಾ ಸುಮ್ನೆ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಹದ್ದುಬಸ್ತಿನಲ್ಲಿ ಇಡುವುದು ಅಲ್ಲೇ ಇರುವ ಲ್ಯಾಕ್ಟೋಬ್ಯಾಸಿಲಸ್, ಅಂದರೆ ಮೊಸರಿನ ಬ್ಯಾಕ್ಟೀರಿಯಾದ ಬಳಗ. ಗಂಟಲು ನೋವಿಗೆ ಆ್ಯಂಟಿಬಯಾಟಿಕ್ ನುಂಗಿದಾಗ ಈ ಕಾವಲುಗಾರರೂ ಸಾಯುತ್ತಾರೆ, ಯೀಸ್ಟ್‌ಗೆ ಮೈದಾನ ಖಾಲಿ ಸಿಗುತ್ತದೆ. ಬಸುರಿಯರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲಿ ಇದು ಜಾಸ್ತಿ. ಸುಮಾರು 75% ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುತ್ತದೆ. ಹಾಗಿದ್ದೂ ಮೆಡಿಕಲ್ ಶಾಪ್‌ನಲ್ಲಿ ನಾವು ಕಾಯುವುದು ಪಕ್ಕದ ಗಿರಾಕಿ ಹೋಗಲಿ ಅಂತ. ಆಮೇಲೆ ಪಿಸುಮಾತಿನಲ್ಲಿ "ತುರಿಕೆಗೆ ಒಂದು ಕ್ರೀಮ್" ಅನ್ನುತ್ತೇವೆ. ಆತ ಕಾಗದದಲ್ಲಿ ಸುತ್ತಿ ಒಂದು ಟ್ಯೂಬ್ ಕೊಡುತ್ತಾನೆ. ಅದರಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಎರಡು ದಿನ ಹಾಯೆನಿಸಿ, ಮತ್ತೆ ತುರಿಕೆ ಶುರುವಾಗಬಹುದು. ನನಗೆ ಸಿಟ್ಟು ಬರುವುದು ಇದಕ್ಕೇ.

ಸರಿಯಾದ ಔಷಧಿ ದುಬಾರಿಯಲ್ಲ. ಕ್ಲೋಟ್ರಿಮಜೋಲ್ ಮಾತ್ರೆಯನ್ನು ರಾತ್ರಿ ಮಲಗುವ ಮುಂಚೆ ಯೋನಿಯೊಳಗೆ ಇಟ್ಟುಕೊಳ್ಳುವುದು ಒಂದು ದಾರಿ. 500 ಮಿಲಿಗ್ರಾಮಿನದು ಒಂದೇ ರಾತ್ರಿಗೆ ಸಾಕು, 100ರದಾದರೆ ಆರೇಳು ರಾತ್ರಿ. ಬೆಳಿಗ್ಗೆ ಬಿಳಿ ಪುಡಿಯಂತೆ ಹೊರಬಂದರೆ ಗಾಬರಿ ಬೇಡ, ಅದು ಮಾತ್ರೆಯದೇ ಉಳಿಕೆ. ನುಂಗುವುದಾದರೆ ಫ್ಲುಕೊನಜೋಲ್ 150 ಮಿಲಿಗ್ರಾಂ, ಒಂದೇ ಒಂದು ಸಲ. ಬಸುರಿಯರು ಇದನ್ನು ತಾವಾಗಿಯೇ ನುಂಗಬಾರದು. ಅವರಿಗೆ ಒಳಗಿಡುವ ಮಾತ್ರೆಯನ್ನೇ ಕೊಡುತ್ತಾರೆ, ಅದೂ ಡಾಕ್ಟರು ಹೇಳಿದಷ್ಟು ದಿನ. ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಗಂಡನಿಗೆ ತುರಿಕೆ, ಕೆಂಪು ಇಲ್ಲದಿದ್ದರೆ ಅವನಿಗೆ ಔಷಧಿ ಬೇಕಿಲ್ಲ. ಒಳಗಿಡುವ ಔಷಧಿ ಕಾಂಡೋಮಿನ ರಬ್ಬರನ್ನು ಸಡಿಲ ಮಾಡಬಹುದು, ಅದೊಂದು ನೆನಪಿರಲಿ.

ಮೊಸರು, ಬೆಳ್ಳುಳ್ಳಿ, ಡೆಟಾಲ್ ನೀರು ಯಾವುದೂ ಒಳಗೆ ಬೇಡ. ಹೊರಗೆ ಬರೀ ನೀರು ಸಾಕು. ಒದ್ದೆ ಒಳಉಡುಪು ಬದಲಾಯಿಸಿ, ಹತ್ತಿಯದನ್ನೇ ಹಾಕಿಕೊಳ್ಳಿ.

ಮೊದಲ ಸಲ ಬಂದಿದ್ದರೆ, ಜ್ವರ ಅಥವಾ ಕಿಬ್ಬೊಟ್ಟೆ ನೋವು ಜೊತೆಗಿದ್ದರೆ ಅಂಗಡಿಗಲ್ಲ, ಡಾಕ್ಟರ ಹತ್ತಿರ ಹೋಗಬೇಕು. ವರ್ಷದಲ್ಲಿ ಮೂರು ಸಲ ಮರುಕಳಿಸಿದರೆ ಒಂದು ರಾತ್ರಿಯ ಮಾತ್ರೆ ಸಾಲುವುದಿಲ್ಲ, ತಿಂಗಳುಗಟ್ಟಲೆ ವಾರಕ್ಕೊಂದರಂತೆ ಫ್ಲುಕೊನಜೋಲ್ ನುಂಗಬೇಕಾಗಬಹುದು. ರಕ್ತದ ಸಕ್ಕರೆಯನ್ನೂ ಆಗಲೇ ನೋಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್ ತರದ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಆ ಸಿಹಿಗೂ ಯೀಸ್ಟ್ ಬರುತ್ತದೆ. ಮಾತ್ರೆ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ತುರಿಕೆಯ ವಿಷಯ ಹೇಳಿ. "ಬಿಳಿ ಹೋಗ್ತಿದೆ" ಅಂತಲ್ಲ, "ತುರಿಕೆ" ಅಂತಲೇ.