ಕಾರ್ಗಿಲ್: ಮೂರು ದಿನಗಳ ನಷ್ಟದ ನಂತರ ವಾಯುಪಡೆ ಏನು ಬದಲಿಸಿತು?

ಪ್ರಶ್ನೆ: 1999ರ ಕಾರ್ಗಿಲ್ ಕದನದಲ್ಲಿ ವಾಯುಪಡೆ ಮೂರೇ ದಿನಗಳಲ್ಲಿ ಎರಡು ಯುದ್ಧವಿಮಾನಗಳನ್ನೂ ಒಂದು ಹೆಲಿಕಾಪ್ಟರನ್ನೂ ಕಳೆದುಕೊಂಡಿತು. ಆಮೇಲೆ ಅಂಥ ನಷ್ಟವಾಗಲಿಲ್ಲ. ಏಕೆ?

ಉತ್ತರ: ಮುಖ್ಯವಾಗಿ ಬದಲಾದದ್ದು ಹಾರಾಟದ ಎತ್ತರ. ವಾಯುಪಡೆಯ ‘ಸಫೇದ್ ಸಾಗರ್’ ಕಾರ್ಯಾಚರಣೆ ಮೇ 26ರಂದು ಆರಂಭವಾಯಿತು. ಮರುದಿನ ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಅವರ ಮಿಗ್-27ರ ಎಂಜಿನ್ ಆರಿಹೋಗಿ, ವಿಮಾನದಿಂದ ಹೊರಜಿಗಿದ ಅವರು ಸೆರೆಸಿಕ್ಕರು. ಅವರು ಇಳಿದ ಜಾಗವನ್ನು ಹುಡುಕುತ್ತಿದ್ದ ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಅವರ ಮಿಗ್-21ಕ್ಕೆ ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ಬಡಿಯಿತು. ಮೇ 28ರಂದು ತೋಲೋಲಿಂಗ್ ಬಳಿ ಎಂಐ-17 ಹೆಲಿಕಾಪ್ಟರ್ ಕೂಡ ಕ್ಷಿಪಣಿಗೆ ತುತ್ತಾಗಿ, ಅದರಲ್ಲಿದ್ದ ನಾಲ್ವರೂ ಹುತಾತ್ಮರಾದರು.

ಎಂಜಿನ್ನಿನ ಶಾಖವನ್ನು ಬೆನ್ನಟ್ಟುವ, ಹೆಗಲ ಮೇಲಿಂದ ಹಾರಿಸುವ ಸ್ಟಿಂಗರ್‌ನಂಥ ಕ್ಷಿಪಣಿ ಹಾರಿಸಿದ ಜಾಗದಿಂದ ಸುಮಾರು ಮೂರೂವರೆ ಕಿ.ಮೀ. ಎತ್ತರದವರೆಗೆ ಅಪಾಯಕಾರಿ. ಹಾರಿಸುವವನೇ 16,000 ಅಡಿ ಎತ್ತರದ ಶಿಖರದಲ್ಲಿ ಕುಳಿತಿದ್ದರೆ ವಿಮಾನ 28,000 ಅಡಿಗೂ ಮೇಲೆ ಹಾರಬೇಕಾಗುತ್ತದೆ. ಅಷ್ಟು ಎತ್ತರಕ್ಕೆ ಏರಲಾಗದ ಎಂಐ-17ಗಳನ್ನು ದಾಳಿಯಿಂದ ಹಿಂತೆಗೆಯಲಾಯಿತು, ಯುದ್ಧವಿಮಾನಗಳು ಮೇಲೇರಿದವು.

ಆದರೆ ಮೇಲೇರಿದರೆ ಗುರಿ ತಪ್ಪುತ್ತದೆ. ತೆಳುವಾದ ಗಾಳಿಯಲ್ಲಿ ಬಾಂಬಿಗೆ ತಡೆ ಕಡಿಮೆಯಾದ್ದರಿಂದ, ಬಯಲಿನ ಲೆಕ್ಕದಲ್ಲಿ ಎಸೆದದ್ದು ಗುರಿಯನ್ನು ದಾಟಿ ಬೀಳುತ್ತದೆ. ಶತ್ರು ಅಡಗಿದ್ದು ಕಲ್ಲು ಪೇರಿಸಿ ಮಾಡಿದ, ಕೆಲವೇ ಮೀಟರ್ ಅಗಲದ ಮರೆಗಳಲ್ಲಿ. ಸ್ವಲ್ಪ ತಪ್ಪಿದರೂ ಬಾಂಬು ಏಣಿನ ಆಚೆಯ ಕಣಿವೆಯ ಪಾಲು. ಮೇಲಾಗಿ ನಿಯಂತ್ರಣ ರೇಖೆಯನ್ನು ದಾಟಬಾರದೆಂದು ಸರ್ಕಾರ ಕಟ್ಟಪ್ಪಣೆ ಮಾಡಿದ್ದರಿಂದ ಅನುಕೂಲವಾದ ದಿಕ್ಕಿನಿಂದೆಲ್ಲ ಎರಗುವಂತಿರಲಿಲ್ಲ. ಮಿಗ್-21ರ ಪೈಲಟ್‌ಗಳು ಕೈಯಲ್ಲಿ ಹಿಡಿಯುವ ಜಿಪಿಎಸ್ ಮತ್ತು ಸ್ಟಾಪ್‌ವಾಚ್ ನೆಚ್ಚಿ ಬಾಂಬು ಹಾಕಿದರೆಂಬುದು ಇಂದಿಗೂ ಅಚ್ಚರಿ ಹುಟ್ಟಿಸುತ್ತದೆ.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ಮಿರಾಜ್-2000 ಯುದ್ಧವಿಮಾನ. ಇಸ್ರೇಲಿನ ಲೈಟನಿಂಗ್ ಉಪಕರಣದಿಂದ ದೂರದ ಗುರಿಯನ್ನು ಕಂಡು, ಅದರ ಮೇಲೆ ಲೇಸರ್ ಕಿರಣ ಹಿಡಿದು, ಜೂನ್ 24ರಂದು ಟೈಗರ್ ಹಿಲ್ ಮೇಲಿನ ನೆಲೆಗೆ ಆ ಬೆಳಕಿನ ಗುರುತು ಹಿಡಿದು ಸಾಗುವ ಬಾಂಬು ಹಾಕಲಾಯಿತು. ಜನ ನೆನೆಯುವುದು ಆ ದಾಳಿಯನ್ನೇ. ನನ್ನ ಮಟ್ಟಿಗೆ ಅದಕ್ಕಿಂತ ಹೆಚ್ಚು ತೂಕದ್ದು ಜೂನ್ 17ರಂದು ಬಟಾಲಿಕ್ ವಲಯದ ಮುಂತೋ ಧಾಲೋ ಮೇಲೆ ನಡೆದ ದಾಳಿ: ಮಿರಾಜ್‌ಗಳು ಅಲ್ಲಿ ಹಾಕಿದ್ದು ಲೇಸರ್ ಇಲ್ಲದ ಸಾಧಾರಣ ಬಾಂಬುಗಳನ್ನು, ನಾಶವಾದದ್ದು ಶಿಖರಗಳ ಮೇಲಿದ್ದವರಿಗೆ ಆಹಾರ ಮತ್ತು ಮದ್ದುಗುಂಡು ಒದಗಿಸುತ್ತಿದ್ದ ದೊಡ್ಡ ಶಿಬಿರ.